ಮುಗಿದ ಚರ್ಚೆಗೆ ಬೀಗ

ಬೆಳಿಗ್ಗೆ ಎಂಟು ಗಂಟೆ. ಮೋಡ ಕವಿದಿತ್ತು, ಮಳೆಯಿರಲಿಲ್ಲ. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ ನಾನು, ಪಕ್ಕದಲ್ಲಿ ನನ್ನ ಹಳೆಯ ಶಿಷ್ಯ ಶಿವಣ್ಣ, ಮುಂದಿನ ಸೀಟಿನಲ್ಲಿ ಸೋಸಲೆಯ ಒಬ್ಬ ರೈತ ಮಹಿಳೆ.

ರಸಬಾಳೆ ಬೆಳೆಗಾರರ ಆನ್‌ಲೈನ್ ಚರ್ಚಾ ವೇದಿಕೆಯನ್ನು ನಾವಿಬ್ಬರೂ ನೋಡಿಕೊಳ್ಳುತ್ತೇವೆ. ರೋಗದ ತೋಟದಿಂದ ಬಾಳೆ ಕಂದು ತಂದು ನೆಟ್ಟವರೊಬ್ಬರು ಅಲ್ಲಿ ಪ್ರಶ್ನೆ ಕೇಳಿ, ಉತ್ತರ ಪಡೆದು, ನಾಚಿಕೆಯಿಂದ ಪ್ರಶ್ನೆಯನ್ನು ಅಳಿಸಿದ್ದರು. ನಾನು ಆ ಜಾಗದಲ್ಲಿ ‘ಬರೆದವರು ಹಿಂಪಡೆದಿದ್ದಾರೆ’ ಎಂದಷ್ಟೇ ನಮೂದಿಸಿ, ಉತ್ತರಗಳನ್ನು ಉಳಿಸಿ, ಚರ್ಚೆಗೆ ಬೀಗ ಹಾಕಿದ್ದೆ. ಇನ್ನು ಯಾರೂ ಬರೆಯುವಂತಿಲ್ಲ, ಓದಬಹುದು. ಅಂಥವನ್ನೆಲ್ಲ ಪೂರ್ತಿ ಅಳಿಸಬೇಕೆಂಬುದು ಶಿವಣ್ಣನ ಹಟ. ಅಂದು ನರಸೀಪುರದಲ್ಲಿ ನಡೆಯಲಿದ್ದ ಬೆಳೆಗಾರರ ಸಭೆಯಲ್ಲಿ ಅದೇ ತೀರ್ಮಾನವಾಗಬೇಕಿತ್ತು.

“ಕೇಳ್ದೋರೇ ಅಳಿಸಿದ್ಮೇಲೆ ಉತ್ತರ ಯಾರಿಗೆ ಮೇಷ್ಟ್ರೇ? ಖಾಲಿ ಕ್ಲಾಸಿಗೆ ಪಾಠ ಮಾಡ್ದಂಗೆ” ಎಂದ.

ಆ ಮಹಿಳೆ ತಿರುಗಿದರು. “ರೋಗದ ತೋಟದ ಕಂದು ನೆಡಬ್ಯಾಡಿ ಅಂತಿತ್ತಲ್ಲ, ಅದಾ ಸಾ? ಅದನ್ನ ಓದೇ ನಾನು ಗಾಡೀಲಿ ಬಂದಿದ್ದ ಕಂದು ವಾಪಸ್ ಕಳಿಸ್ದೆ. ಕೇಳ್ದೋರು ಯಾರಾದ್ರೆ ನಂಗೇನು? ನಮ್ಮ ತೋಟ ಉಳ್ಕೊಂತು.”

ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

ನರಸೀಪುರದಲ್ಲಿ ಇಳಿಯುವಾಗ, ಸಭೆಗೂ ಕಾಯದೆ, ಶಿವಣ್ಣ ತೀರ್ಪು ಕೊಟ್ಟ: “ಬೀಗ ಇರ್ಲಿ ಬುಡಿ ಮೇಷ್ಟ್ರೇ, ಅಳಿಸೋದು ಬ್ಯಾಡ. ನಾನು ಸೋತಿದ್ನ ಊರಿಗೆಲ್ಲಾ ಏಳ್ಕೊಂಡು ಮಾತ್ರ ಓಡಾಡ್ಬ್ಯಾಡಿ.”