ಎರಡು ತಿರುಪಿನ ಬಳೆ

ಆ ಬಳೆಯ ಜೊತೆಗೆ ಒಂದು ಪುಟ್ಟ ತಿರುಪುಳಿಯನ್ನೂ, ಅಂದರೆ ಸ್ಕ್ರೂಡ್ರೈವರನ್ನೂ, ಕೊಡುತ್ತಾರೆ. ಹೆಸರಾಂತ ವಿದೇಶಿ ಕಂಪನಿಯೊಂದರ ಬಳೆ. ಚಿನ್ನದ ಎರಡು ಅರ್ಧಗಳು, ಎರಡು ಕಡೆ ಎರಡು ತಿರುಪು. ಹಾಕಿಕೊಳ್ಳುವವರೇ ಒಂಟಿ ಕೈಯಲ್ಲಿ ಅದನ್ನು ಬಿಗಿಯುವುದು ಕಷ್ಟ, ಬಿಚ್ಚುವುದು ಇನ್ನೂ ಕಷ್ಟ. ಇನ್ನೊಬ್ಬರು ಬೇಕು. ಇಷ್ಟನ್ನೂ ನನ್ನ ಹೆಂಡತಿ ಮೈಸೂರಿನಿಂದ ಕುಶಾಲನಗರಕ್ಕೆ ವಾಪಸಾಗುವ ಬಸ್ಸಿನಲ್ಲಿ, ಪಿರಿಯಾಪಟ್ಟಣ ದಾಟಿದ ಮೇಲೆ, ಫೋನಿನಲ್ಲಿ ಚಿತ್ರ ತೋರಿಸುತ್ತ ಹೇಳಿದಳು. ಆಮೇಲೆ, "ನಂಗೆ ಇದು ಬೇಕು" ಎಂದಳು.

ಅದಕ್ಕೆ ಎರಡು ಗಂಟೆ ಮೊದಲು ಡಾಕ್ಟರು ಆಪರೇಷನ್ನಿನ ದಿನ ಗೊತ್ತು ಮಾಡಿದ್ದರು. ಎಡ ಎದೆಯಲ್ಲಿ ಗಂಟು. ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕು ಎಂದಿದ್ದರು. ಆಮೇಲೆ ಎಡಗೈಗೆ ಸೂಜಿ ಚುಚ್ಚಿಸಬಾರದು, ಬಿ.ಪಿ. ಪಟ್ಟಿ ಕಟ್ಟಿಸಬಾರದು, ಬಿಗಿಯಾದ ಬಳೆ, ಉಂಗುರ ಹಾಕಬಾರದು. ಕೈ ಊದಿಕೊಳ್ಳಬಹುದು, ಊದದೆಯೂ ಇರಬಹುದು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಹಳ ವರ್ಷ ಜಿಲ್ಲಾ ವರದಿಗಾರನಾಗಿದ್ದವನು ನಾನು, ಎದುರಿಗೆ ಯಾರಾದರೂ ಮಾತಾಡಿದರೆ ಕೈ ತಾನಾಗಿ ಬರೆಯುತ್ತದೆ. ಮನೆಗೆ ಬಂದು ನೋಡಿದರೆ ನನ್ನ ಅಕ್ಷರವನ್ನು ನನಗೇ ಓದಲಾಗಲಿಲ್ಲ.

ಅವಳು ಒಡವೆ ಕೇಳುವವಳಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜ ವಿಂಗಡಿಸುವ ವಿಭಾಗ ನೋಡಿಕೊಳ್ಳುತ್ತಾಳೆ. ಬಿಳಿ ಮೇಜಿನ ಮೇಲೆ ಬೀಜ ಹರಡಿ, ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದನ್ನು ಬೆರಳಿನಿಂದ ಬೇರೆ ಮಾಡುವ ಕೆಲಸ. ವಿಂಗಡಿಸುವ ಕೈಗೆ ಬಳೆ ಹಾಕುವಂತಿಲ್ಲ. ಗಂಟನ್ನು ಮೊದಲು ಪತ್ತೆ ಮಾಡಿದ್ದೂ ಆ ಬೆರಳುಗಳೇ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದು, "ಇಲ್ಲಿ ಒಂದ್ ಉಟ್ಟು" ಎಂದಳು.

ಅವಳ ತವರು ಸಂಪಾಜೆಯ ಕಡೆ, ಮನೆಮಾತು ಅರೆಭಾಷೆ. ಅದರಲ್ಲಿ 'ಉಟ್ಟು' ಎಂದರೆ 'ಇದೆ' ಎಂದು. ನಮ್ಮವರು ಹಾಸನದಿಂದ ಬಂದು ಇಲ್ಲಿ ನೆಲೆಸಿದವರು. ಮದುವೆಯ ಹೊಸತರಲ್ಲಿ ಅವಳು "ಅಕ್ಕಿ ಉಟ್ಟು" ಎಂದರೆ ನನ್ನ ತಾಯಿ, "ಅಕ್ಕಿ ಯಾವ್ ಸೀರೆ ಉಟ್ಟದೆ ಮಗಾ?" ಎಂದು ನಗುತ್ತಿದ್ದರು. ಬರಬರುತ್ತ ಅವಳು ಎಲ್ಲರ ಹಾಗೇ ಮಾತಾಡತೊಡಗಿದಳು. ಅರೆಭಾಷೆ ಈಗ ಅವಳ ಬಾಯಿಗೆ ಬರುವುದು ಹೆದರಿದಾಗ ಮಾತ್ರ. ಆ ಬೆಳಿಗ್ಗೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ನನಗೆ ಗೊತ್ತಾದದ್ದು ಆ ಒಂದು ಶಬ್ದದಿಂದ.

ಬಳೆ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಪತ್ರಿಕೆಯ ಕಚೇರಿಯಲ್ಲಿ ಅದು ದೊಡ್ಡ ತಪ್ಪು. ಆದರೆ ಉತ್ತರ ನನಗೆ ಬೇಕಿರಲಿಲ್ಲ. ಯಾವತ್ತೂ ಏನನ್ನೂ ಕೇಳದವಳು ಈಗ ಕೇಳುತ್ತಿದ್ದಾಳೆಂದರೆ ಅದಕ್ಕೆ ಒಂದೇ ಅರ್ಥ ಎಂದು ನಾನು ನಿರ್ಧರಿಸಿಬಿಟ್ಟಿದ್ದೆ. ಆಸೆಯೊಂದನ್ನು ಉಳಿಸಿಕೊಳ್ಳದೆ ಹೊರಡುವ ತಯಾರಿ. ರಾತ್ರಿ ಊಟಕ್ಕೆ ಕುಳಿತಾಗಲೂ ಅವಳ ಮಣಿಕಟ್ಟಿನ ಕಡೆ ನೋಡುತ್ತಿದ್ದೆ.

ಕಂಪನಿಯ ಮಳಿಗೆ ಇರುವುದು ಬೆಂಗಳೂರಿನಲ್ಲಿ. ಅವಳು ಕಾಗದದ ಪಟ್ಟಿ ಸುತ್ತಿ ಎರಡೂ ಮಣಿಕಟ್ಟಿನ ಅಳತೆ ತೆಗೆದು, ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದು, ಫೋನು ಮಾಡಿದಳು. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಎಲ್ಲ ಹೇಳಿದಳು. ಒಮ್ಮೆ ಕೊಂಡ ಮೇಲೆ ಸೈಜು ಹಿಗ್ಗಿಸಲು, ಕುಗ್ಗಿಸಲು ಬರುವುದಿಲ್ಲ.

"ಕೈ ದಪ್ಪ ಆದ್ರೆ?" ಎಂದಳು ನನ್ನ ಹೆಂಡತಿ.

"ಬೇರೆ ಸೈಜ್ ತಗೋಬೇಕಾಗುತ್ತೆ ಮ್ಯಾಮ್."

ಫೋನಿಟ್ಟು, "ಬೇರೆ ಕಡೆ ನೋಡುವ. ಅಂಥದ್ದೇ ಇಲ್ಲೂ ಮಾಡ್ತಾರಂತೆ" ಎಂದಳು. ಎರಡೂ ಕೈಯ ಅಳತೆ ತೆಗೆದಿದ್ದರೂ ಫೋನಿನಲ್ಲಿ ಹೇಳಿದ್ದು ಎಡಗೈಯದನ್ನು. ಅದನ್ನು ಗಮನಿಸಿದ ಮೇಲೆ ನನ್ನ ಹೆದರಿಕೆ ಹೆಚ್ಚಾಯಿತು.

ಮಾರನೆಯ ದಿನ ಕುಶಾಲನಗರದ ಮುಖ್ಯರಸ್ತೆಯ ದೊಡ್ಡ ಅಂಗಡಿಯೊಂದಕ್ಕೆ ಹೋದೆವು. ಗಾಜಿನ ಬಾಗಿಲು, ತಣ್ಣನೆ ಗಾಳಿ. ಹೊರಗೆ ಶುಂಠಿ ಲಾರಿಗಳ ಹಾರ್ನು. ಕೌಂಟರಿನ ಹೆಣ್ಣುಮಗಳು ಮಷಿನ್ನಿನಲ್ಲಿ ಮಾಡಿದ, ಅದೇ ಮಾದರಿಯ ಬಳೆಯನ್ನು ನನ್ನ ಹೆಂಡತಿಯ ಎಡಗೈಗೆ ಹಾಕಿ ಬಿಗಿದಳು. ಚೆನ್ನಾಗಿಯೇ ಕಂಡಿತು. ಬಿಚ್ಚುವಾಗ ಒಂದು ತಿರುಪು ಬಂತು, ಇನ್ನೊಂದು ಬರಲಿಲ್ಲ. ತಿರುಪುಳಿ ಜಾರಿತು, ಮತ್ತೆ ಜಾರಿತು.

"ಒಂದ್ನಿಮಿಷ ಮೇಡಂ, ಹೊಸದಲ್ವಾ, ಸ್ವಲ್ಪ ಟೈಟು."

"ಆಗ್ಲಿ ಬಿಡಿ. ಬರ್ದಿದ್ರೆ ಫ್ರೀಯಾಗಿ ಹಾಕ್ಕೊಂಡು ಹೋಗ್ತೀನಿ" ಎಂದು ನನ್ನ ಹೆಂಡತಿ ನಕ್ಕಳು.

ಬಳೆಯ ಅಂಚು ಒತ್ತಿದ ಕಡೆ ಚರ್ಮ ಕೆಂಪಾಯಿತು. ಇನ್ನೂ ಆಪರೇಷನ್ ಆಗಿರಲಿಲ್ಲ, ಕೈ ಊದಿರಲಿಲ್ಲ, ಊದುವ ಕಾರಣವೂ ಇರಲಿಲ್ಲ. ಇದೆಲ್ಲ ನನಗೆ ತಿಳಿದಿತ್ತು. ಆದರೂ ಅಂಗೈ ಬೆವರಿ, ಗಾಜಿನ ಮೇಲೆ ಊರಿದ್ದ ಜಾಗದಲ್ಲಿ ಗುರುತು ಬಿತ್ತು. ಒಳಗಿನಿಂದ ಇನ್ನೊಂದು ತಿರುಪುಳಿ ತಂದರು. ಏಳನೆಯದೋ ಎಂಟನೆಯದೋ ಪ್ರಯತ್ನಕ್ಕೆ ಬಳೆ ಬಾಯಿ ಬಿಟ್ಟಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ.

"ನಿಮ್ಗೆ ಎಂಥ ಆದದ್ದು ಮಾರಾಯ್ರೆ? ಬಳೆ ಹಾಕ್ಕೊಂಡದ್ದು ನಾನು" ಎಂದಳು ಅವಳು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವಯಸ್ಸಾದ ಆಚಾರಿಯೊಬ್ಬರಿದ್ದಾರೆ. ಅವರ ತಂದೆಯೂ ಹಾಸನದ ಕಡೆಯಿಂದ ಬಂದವರು. ಅವಳು ಅವರ ಮುಂದೆ ಕೈಚೀಲ ತೆರೆದು ಒಂದು ಪ್ಲಾಸ್ಟಿಕ್ ಕವರು ಇಟ್ಟಳು. ಒಳಗೆ ಹಳೆಯ ಕಾಲದ ಎರಡು ಬಳೆ. ಕವರಿಗೆ ಅಂಟಿಸಿದ ಚೀಟಿಯಲ್ಲಿ 'ಹಳದಿ ಲೋಹದ ಬಳೆ, ಎರಡು' ಎಂದಿತ್ತು. ಆ ಭಾಷೆ ನನಗೆ ಚೆನ್ನಾಗಿ ಗೊತ್ತು. ಅಪಘಾತದ ಸುದ್ದಿಗಾಗಿ ಪೊಲೀಸರ ಮಹಜರುಗಳನ್ನು ಓದುವಾಗೆಲ್ಲ ಕಂಡಿದ್ದೇನೆ. ಪರೀಕ್ಷೆ ಆಗುವವರೆಗೆ ಅವರು ಚಿನ್ನ ಎಂದು ಬರೆಯುವುದಿಲ್ಲ, ಹಳದಿ ಲೋಹ ಎಂದು ಬರೆಯುತ್ತಾರೆ. ಈ ಕವರು ನಮ್ಮ ಮನೆಯಲ್ಲಿ ಇದ್ದದ್ದು ಮಾತ್ರ ನನಗೆ ಗೊತ್ತಿರಲಿಲ್ಲ.

"ಇದನ್ನ ಕರಗಿಸಿ ಹೀಗೆ ಮಾಡ್ಬೇಕು" ಎಂದು ಫೋನಿನ ಚಿತ್ರ ತೋರಿಸಿದಳು.

ಆಚಾರಿ ಕನ್ನಡಕ ಏರಿಸಿ ನೋಡಿದರು. "ಇದೇನ್ ಹೊಸಾದಲ್ಲ ಕಣಮ್ಮ. ನಮ್ಮಪ್ಪ ತಿರುಪಿನ್ ಕಡಗ ಮಾಡ್ತಿದ್ರು. ಹೆಸ್ರು ಒಂದ್ ಹಾಕಿರ್ಲಿಲ್ಲ, ಅದ್ಕೆ ಫೇಮಸ್ ಆಗ್ಲಿಲ್ಲ. ಯಾವ್ ಕೈಗೆ?"

ಅವಳು ಎಡಗೈ ಚಾಚಿದಳು. "ಬಲಗೈಗೆ" ಎಂದೆ ನಾನು.

ಆಚಾರಿ ಇಬ್ಬರನ್ನೂ ನೋಡಿದರು. "ಮೊದ್ಲು ನೀವ್ ನೀವ್ ಮಾತಾಡ್ಕಳಿ. ನಾನ್ ಅಲ್ಲೀಗಂಟ ಒಂದ್ ಎಲೆಅಡ್ಕೆ ಹಾಕ್ತೀನಿ."

"ಬಲಗೈಲಿ ನಾನು ಕೆಲಸ ಮಾಡೋದು. ಮೇಜಿಗೆ ತಾಗುತ್ತೆ."

"ಎಡಗೈ ಊದಬಹುದು ಅಂದಿದಾರೆ ಡಾಕ್ಟ್ರು."

ಅವಳು ನನ್ನ ಕಡೆ ತಿರುಗಲಿಲ್ಲ. ಆಚಾರಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, "ಏನಾಗದೆ ತಾಯಿ?" ಎಂದರು. ಹತ್ತಿರದ ನೆಂಟರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವಳು ಅವರಿಗೆ ಹೇಳಿದಳು. ಎದೆಯಲ್ಲಿ ಗಂಟು, ಮುಂದಿನ ಬುಧವಾರ ಆಪರೇಷನ್. ಬೀಜದ ದರ್ಜೆ ಹೇಳುವ ಅದೇ ದನಿ.

"ಹಂಗಾದ್ರೆ ಬಾಯಿ ಬಿಟ್ಟ ಕಡಗ ಮಾಡ್ಕೊಡ್ತೀನಿ. ಊದಿದ್ರೂ ಅಗ್ಲ ಮಾಡ್ಕೋಬೋದು. ಬ್ಯಾಡ ಅಂದ್ರೆ ಒಂದ್ ಕಡೆ ಕೀಲು, ಒಂದ್ ಕಡೆ ತಿರುಪು. ಉಗುರಲ್ಲೇ ತಿರುಗ್ಸಿ ತೆಗ್ದುಬಿಡ್ಬೋದು."

"ಉಗುರಲ್ಲಿ ತೆಗೆಯೋ ಹಾಗಿದ್ರೆ ನರ್ಸೇ ತೆಗೆದು ಕವರಿಗೆ ಹಾಕಿಬಿಡ್ತಾರೆ" ಎಂದಳು ಅವಳು. ಬೆರಳು ಮೇಜಿನ ಮೇಲಿನ ಕವರನ್ನು ಸ್ವಲ್ಪ ಮುಂದೆ ಸರಿಸಿತು. "ಇದು ಅಮ್ಮಂದು. ಆಪರೇಷನ್‌ಗೆ ಕರ್ಕೊಂಡು ಹೋಗೋವಾಗ ನಾನು ಟೀ ಕುಡಿಯಲಿಕ್ಕೆ ಹೋಗಿದ್ದೆ. ಬರೋವಾಗ ಅಮ್ಮ ಒಳಗೆ, ಬಳೆ ಹೊರಗೆ. ಸೈನ್ ಮಾಡಿ ಅಂದ್ರು, ಮಾಡಿದೆ. ಅಮ್ಮ ಮತ್ತೆ ಕಣ್ಣು ಬಿಡ್ಲೇ ಇಲ್ಲ." ನನ್ನ ಕಡೆ ಕೈ ತೋರಿಸಿ ಹೇಳಿದಳು. "ಸ್ಕ್ರೂಡ್ರೈವರ್ ಇವರ ಜೇಬಲ್ಲಿದ್ರೆ, ಬಿಚ್ಚಲಿಕ್ಕೆ ಇವರನ್ನ ಕರೀಲೇಬೇಕಲ್ಲ. ಇವರಿಲ್ಲದೆ ನನ್ನ ಒಳಗೆ ಕರ್ಕೊಂಡು ಹೋಗೋ ಹಾಗಿಲ್ಲ."

ನಾನು ಅಷ್ಟು ದಿನ ಊಹಿಸಿದ್ದು ತಪ್ಪಾಗಿತ್ತು. ಅವಳು ಹೊರಡುವ ತಯಾರಿಯಲ್ಲಿ ಇರಲಿಲ್ಲ. ತಿಳಿದ ಮೇಲೆ ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಅವಳಿಗೆ ನನ್ನಷ್ಟೇ ಹೆದರಿಕೆ ಇದೆ ಎಂಬುದು ಅಲ್ಲಿಯವರೆಗೆ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

"ಕರೀದೇ ಹೋದ್ರೆ?" ಎಂದರು ಆಚಾರಿ.

"ಕರೀತಾರೆ. ಒಳಗೆ ಕರೆಂಟಿನ ಉಪಕರಣ ಇಡ್ತಾರಂತೆ, ಮೈಮೇಲೆ ಲೋಹ ಇರಬಾರ್ದಂತೆ. ವಿಚಾರಿಸಿದ್ದೀನಿ."

ಆಚಾರಿ ತಲೆಯಾಡಿಸಿದರು. "ಸರಿ, ಎರಡು ತಿರುಪೇ ಇಡ್ತೀನಿ. ಆದ್ರೆ ಬಲಗೈಗೆ ಮಾಡುಸ್ಕಳಿ. ಎಡಗೈದು ಬಿಚ್ಚುದ್ಮೇಲೆ ಮುಗೀತು. ಬಲಗೈದಾದ್ರೆ ವಾಪಸ್ ಹಾಕ್ಕಬೋದು."

ಅವಳು ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಬಲಗೈ ಚಾಚಿದಳು. ಆಚಾರಿ ಅಳತೆ ತೆಗೆದು, ಬೆಳಗಿನ ಕೈ ಬೇರೆ, ಬಿಸಿಲು ಕಂಡ ಕೈ ಬೇರೆ, ಸಂಜೆ ಇನ್ನೊಮ್ಮೆ ಬನ್ನಿ ಎಂದರು. ಸಂಜೆಯೂ ಹೋದೆವು. ಬಳೆ ಸೋಮವಾರ ಕೈಗೆ ಬಂತು. ತಿರುಪುಳಿ ಕನ್ನಡಕ ರಿಪೇರಿಯವರು ಬಳಸುವಂಥದ್ದು. ಆಚಾರಿ ಅದರ ಮೂತಿಯನ್ನು ಅರದಿಂದ ಉಜ್ಜಿ, ಬಳೆಯ ಗೀರಿಗೆ ಸರಿಹೊಂದಿಸಿ ಕೊಟ್ಟಿದ್ದರು.

ಆಸ್ಪತ್ರೆಗೆ ಹೊರಡುವ ಮುಂಚೆ ತಾಳಿ, ಮೂಗುಬೊಟ್ಟುಗಳನ್ನು ಅವಳೇ ಬಿಚ್ಚಿ ಮನೆಯಲ್ಲಿಟ್ಟಳು. ಬಳೆ ಕೈಯಲ್ಲೇ ಉಳಿಯಿತು. ದಾರಿಯುದ್ದಕ್ಕೂ ನಾನು ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಬುಧವಾರ ಬೆಳಿಗ್ಗೆ ಮೈಸೂರಿನವರೇ ಆದ ಸಿಸ್ಟರ್ ಒಬ್ಬರು ಬಂದು ಬಳೆ ನೋಡಿದರು. "ಇದೊಂದ್ ಯಾಕ್ ಬಿಟ್ರಿ? ಸೋಪ್ ಹಾಕಿ ತೆಗ್ಯೋಣ."

"ಸೋಪಲ್ಲಿ ಬರಲ್ಲ. ತಿರುಪು. ಸ್ಕ್ರೂಡ್ರೈವರ್ ಅವರ ಹತ್ರ ಇದೆ" ಎಂದಳು ನನ್ನ ಹೆಂಡತಿ.

ಸಿಸ್ಟರ್ ಏನೋ ಗೊಣಗಿದರು, ಆದರೆ ಕರೆದರು. ನೆಲದ ಮೇಲಿನ ಕೆಂಪು ಗೆರೆಯವರೆಗೆ ನನ್ನನ್ನು ಬಿಟ್ಟರು. ಟ್ರಾಲಿಯ ಪಕ್ಕದಲ್ಲಿ ಬಗ್ಗಿ ತಿರುಪುಳಿ ಇಟ್ಟೆ. ಜಾರಿತು. ಎರಡನೆಯ ಸಲವೂ ಜಾರಿತು.

"ನಿಧಾನ. ಯಾರೂ ಅಟ್ಟಿಸ್ಕೊಂಡು ಬಂದಿಲ್ಲ" ಎಂದಳು.

ಮೊದಲ ತಿರುಪು ಬಂತು. ಎರಡನೆಯದು ನನ್ನ ಬೆರಳಿನಿಂದ ತಪ್ಪಿ ಕೆಳಗೆ ಬಿತ್ತು. ನಾನೂ ಸಿಸ್ಟರೂ ಟ್ರಾಲಿಯ ಅಡಿ ಹುಡುಕಿದೆವು. ಮಲಗಿದ್ದಲ್ಲೇ ಕತ್ತು ಹೊರಳಿಸಿ ಅವಳು, "ಚಕ್ರದ ಹತ್ರ, ಎಡಗಡೆ" ಎಂದಳು. ಅಲ್ಲೇ ಇತ್ತು. ಅಕ್ಕಿಕಾಳಿಗಿಂತ ಚಿಕ್ಕದು.

ಆಮೇಲೆ ಟ್ರಾಲಿ ತಳ್ಳಿದರು. ಅವಳು ಹಿಂದಿರುಗಿ ನೋಡುವಂತಿರಲಿಲ್ಲ, ಮಲಗಿದ್ದಳು. ಬಲಗೈಯನ್ನು ಸ್ವಲ್ಪ ಎತ್ತಿದಳು. ಬಳೆ ಇದ್ದ ಜಾಗದಲ್ಲಿ ತೆಳ್ಳನೆಯ ಗುರುತಿತ್ತು.

ಸಿಸ್ಟರ್ ಎರಡು ಅರ್ಧಗಳನ್ನೂ ತಿರುಪುಗಳನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಚೀಟಿಯಲ್ಲಿ 'ಹಳದಿ ಲೋಹ, ಎರಡು ತುಂಡು' ಎಂದು ಬರೆದು ಸಹಿಗೆ ಕೊಟ್ಟರು. ನನಗೆ ಸಹಿ ಹಾಕಲಾಗಲಿಲ್ಲ.

"ತುಂಡು ಅಲ್ಲ ಸಿಸ್ಟರ್. ಬಳೆ. ಒಂದು."

"ಎರಡು ಇದಾವಲ್ಲ ಸಾರ್."

"ಸೇರಿಸಿದರೆ ಒಂದು. ದಯವಿಟ್ಟು ತಿದ್ದಿ."

ಅವರು ನನ್ನ ಮುಖ ನೋಡಿ, ಹೊಡೆದುಹಾಕಿ, 'ಬಳೆ, ಒಂದು' ಎಂದು ಬರೆದರು. ಸಹಿ ಹಾಕಿದೆ.

ಕಾಯುವ ಕೋಣೆಯಲ್ಲಿ ಬಾಗಿಲು ತೆರೆದಾಗೆಲ್ಲ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಹೆಸರು ಕರೆದವರು ಹೋಗುತ್ತಿದ್ದರು, ಉಳಿದವರು ಕೂರುತ್ತಿದ್ದರು. ನಾನು ಟೀ ಕುಡಿಯಲು ಹೋಗಲಿಲ್ಲ. ಡಾಕ್ಟರು ಹೇಳಿದ್ದ ಸಮಯ ಮುಗಿದು ಒಂದು ಗಂಟೆಯಾಗಿತ್ತು. ಕವರು ಕೈಯಲ್ಲೇ ಇತ್ತು. ಬಾಗಿಲು ತೆರೆಯಿತು. ಅದೇ ಸಿಸ್ಟರ್. ನನ್ನ ಕಡೆಗೇ ಬಂದರು. ನಾನು ಏಳಲಿಲ್ಲ.

"ಸಾರ್, ನಿಮ್ಮವ್ರಿಗೆ ಎಚ್ಚರ ಆಗಿದೆ. ಆದ್ರೆ ಒಂದೇ ಸಮ 'ಉಟ್ಟಾ, ಉಟ್ಟಾ' ಅಂತಾ ಇದಾರೆ. ಈಗ ಸೀರೆ ಉಡಂಗಿಲ್ಲಮ್ಮ, ಗೌನಲ್ಲೇ ಇರ್ಬೇಕು ಅಂತ ಹೇಳ್ದೆ. ಕೇಳ್ತಾನೇ ಇಲ್ಲ."

"ಉಟ್ಟು ಅಂತ ಹೇಳಿ" ಎಂದೆ.

"ಏನಂತ?"

"ಉಟ್ಟು. ಬಳೆ ಇದೆ ಅಂತ. ಅಷ್ಟೇ ಹೇಳಿ, ಅವಳಿಗೆ ಗೊತ್ತಾಗುತ್ತೆ."

ಸಿಸ್ಟರ್ ಆ ಶಬ್ದವನ್ನು ಮರೆಯದಂತೆ ಬಾಯಲ್ಲೇ ಹೇಳಿಕೊಳ್ಳುತ್ತ ಒಳಗೆ ಹೋದರು. ತೆಗೆದ ಗಂಟಿನ ಪರೀಕ್ಷೆಯ ವರದಿ ಬರಲು ಇನ್ನೂ ಹತ್ತು ದಿನವಿತ್ತು. ನಾನು ಜೇಬಿಗೆ ಕೈ ಹಾಕಿ ತಿರುಪುಳಿ ಇದೆಯೇ ಎಂದು ನೋಡಿಕೊಂಡೆ. ಇತ್ತು.