ಹೋಲ್ಗರ್ ಆರಿಸಿದ ಒಲೆ

೧೯೮೬ರ ಬೇಸಿಗೆಯಲ್ಲಿ ನಾನು ಲಾಸ್ ಆಲ್ಟೋಸ್‌ನ ಒಂದು ಸಣ್ಣ ಕಚೇರಿಯಲ್ಲಿ ಎಸ್ಕ್ರೋ ಆಫೀಸರ್ ಆಗಿದ್ದೆ. ಮೂರು ವರ್ಷವಾಯಿತು, ಈಗಲೂ ಅದೇ ಕೆಲಸ, ಅದೇ ಮೇಜು. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವವರೂ ಕೊಳ್ಳುವವರೂ ಹಣ ಮತ್ತು ಕ್ರಯಪತ್ರವನ್ನು ಕೈಯಿಂದ ಕೈಗೆ ಕೊಟ್ಟುಕೊಳ್ಳುವುದಿಲ್ಲ. ಎರಡನ್ನೂ ಮೂರನೆಯವರೊಬ್ಬರ ಬಳಿ ಇಡುತ್ತಾರೆ. ಕೌಂಟಿ ಕಚೇರಿಯಲ್ಲಿ ನೋಂದಣಿಯಾದ ಮೇಲೆ ಆ ಮೂರನೆಯವರು ಅವರವರದನ್ನು ಅವರವರಿಗೆ ಒಪ್ಪಿಸುತ್ತಾರೆ. ಇದೇ ಎಸ್ಕ್ರೋ. ಯಾರ ಪಕ್ಷವನ್ನೂ ವಹಿಸಬಾರದೆಂಬುದು ಈ ಕೆಲಸದ ಮೊದಲ ನಿಯಮ. ಹೆಚ್ಚು ಮಾತಾಡದ ನನಗೆ ಅದು ಒಗ್ಗಿತ್ತು.

ನಮ್ಮ ಕಚೇರಿಗೆ ಆಗಾಗ ಬರುತ್ತಿದ್ದವರು ಹೋಲ್ಗರ್ ಎಂಬ ಡೆನ್ಮಾರ್ಕಿನ ವೃದ್ಧರು. ಅಲ್ಲಿ ಅವರು ಸರ್ಕಾರದ ಭೂನೋಂದಣಿ ಕಚೇರಿಯಲ್ಲಿದ್ದರು. ದಿನವಿಡೀ ಬೇರೆಯವರ ಜಮೀನು ಬರೆದೂ ಬರೆದೂ ತಮ್ಮ ಹೆಸರಿನಲ್ಲೂ ಒಂದಿಷ್ಟು ನೆಲ ಇರಲಿ ಎನ್ನಿಸಿತಂತೆ. ನೌಕರಿ ಬಿಟ್ಟು, ಹೆಂಡತಿಯೊಂದಿಗೆ ಇಲ್ಲಿಗೆ ಬಂದು, ಸರಟೋಗಾದ ಬೆಟ್ಟದ ಬುಡದಲ್ಲಿ ಏಪ್ರಿಕಾಟ್ ತೋಟಗಳನ್ನು ಕೊಂಡರು. ಮುಂದೆ ಎಂಜಿನಿಯರುಗಳು ಬರುತ್ತಾರೆ, ಅವರಿಗೆ ಮನೆ ಬೇಕಾಗುತ್ತದೆ ಎಂದು ಊಹಿಸಿ ಬೆಲೆ ಏರುವ ತನಕ ಕಾದರು. ಆಮೇಲೆ ತೋಟವನ್ನು ಸೈಟು ಮಾಡಿ, ಮನೆ ಕಟ್ಟಿಸಿ, ಒಂದೊಂದಾಗಿ ಮಾರತೊಡಗಿದರು. ಪ್ರತಿ ಹಿತ್ತಲಿನಲ್ಲೂ ಒಂದು ಮರ ಉಳಿಸುತ್ತಿದ್ದರು. ಮಾಡುತ್ತಿದ್ದದ್ದು ಊಹೆಯ ವ್ಯಾಪಾರವಾದರೂ ಹಳೆಯ ಕಚೇರಿಯ ಶಿಸ್ತು ಅವರನ್ನು ಬಿಟ್ಟಿರಲಿಲ್ಲ. ನೋಂದಣಿಗೆ ಮೊದಲು ಯಾರಿಗೂ ಬೀಗದ ಕೈ ಕೊಟ್ಟವರಲ್ಲ.

ಆ ಬೇಸಿಗೆ ಅವರ ಒಂದು ಮನೆಯನ್ನು ಕೊಳ್ಳಲು ಹೊರಟವರು ಹುಬ್ಬಳ್ಳಿಯ ಎಂಜಿನಿಯರ್ ಪ್ರಕಾಶ್ ಮತ್ತು ಅವರ ಹೆಂಡತಿ, ಡಾಕ್ಟರ್ ಸವಿತಾ. ನೋಂದಣಿ ಸೋಮವಾರಕ್ಕೆ ನಿಗದಿಯಾಗಿತ್ತು. ಅದಕ್ಕೆ ಮುಂಚಿನ ಬುಧವಾರ ಪ್ರಕಾಶ್ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು.

"ಶುಕ್ರವಾರ ಗೃಹಪ್ರವೇಶರೀ. ಮುಂಜಾನೆ ಒಂಬತ್ತೂವರಿ ಒಳಗ. ಅವ್ವ ಎಲ್ಲಾರ್ನೂ ಕರದು ಬಿಟ್ಟಾಳ."

ಮನೆ ಇನ್ನೂ ನಿಮ್ಮದಾಗಿಲ್ಲವಲ್ಲ ಎಂದೆ.

"ಅಡ್ವಾನ್ಸ್ ಕೊಟ್ಟೀವಲ್ಲರೀ. ಮನಿ ನಮ್ದ ಆತು ಅಂತ ತಿಳ್ಕೊಂಡ್ವಿ."

ಶುಕ್ರವಾರ ತಪ್ಪಿದರೆ ಆಷಾಢ. ತಿಂಗಳೊಪ್ಪತ್ತು ಹೊಸ ಮನೆಗೆ ಕಾಲಿಡುವಂತಿಲ್ಲ. ಅಷ್ಟರಲ್ಲಿ ಅವ್ವನ ವೀಸಾ ಮುಗಿಯುತ್ತಿತ್ತು. ಮಗನ ಮನೆಯಲ್ಲಿ ಹಾಲುಕ್ಕಿಸಬೇಕೆಂದೇ ಅವರು ಅಷ್ಟು ದೂರದಿಂದ ಬಂದಿದ್ದರು.

ಹೋಲ್ಗರ್‌ಗೆ ಫೋನ್ ಮಾಡಿದೆ. "ದಿನ ಬೇಕಾದರೆ ಬದಲಿಸಿ, ನನ್ನ ಅಭ್ಯಂತರವಿಲ್ಲ. ಬೀಗದ ಕೈ ಮಾತ್ರ ನೋಂದಣಿಯಾದ ಮೇಲೆಯೇ" ಎಂದರು. ಬ್ಯಾಂಕಿನವರನ್ನು ಒಪ್ಪಿಸಿ ಸಾಲದ ಹಣವನ್ನು ಗುರುವಾರವೇ ತರಿಸಿಕೊಂಡೆ. ಶುಕ್ರವಾರ ಕೌಂಟಿ ಕಚೇರಿ ತೆರೆದೊಡನೆ ನನ್ನ ಸಹೋದ್ಯೋಗಿ ಪತ್ರ ಸಲ್ಲಿಸಿ, ನೋಂದಣಿಯಾದ ಕೂಡಲೇ ಆ ಮನೆಗೇ ಫೋನ್ ಮಾಡುವುದೆಂದಾಯಿತು.

ನಾನು ಹೋಗಬೇಕಾದ ಅಗತ್ಯವಿರಲಿಲ್ಲ. ಆದರೂ ಹೋದೆ. ಹೊಸ್ತಿಲಿನ ಹೊರಗೆ ಇಳಕಲ್ ಸೀರೆಯುಟ್ಟ ಅವ್ವ ಕಲಶ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಹಾಲಿನ ಪಾತ್ರೆಯೊಂದಿಗೆ ಸವಿತಾ. ಹಿಂದೆ ರೇಷ್ಮೆ ಸೀರೆ, ಟೆನಿಸ್ ಶೂಗಳ ನೆಂಟರಿಷ್ಟರು. ಒಳಗೆ, ಖಾಲಿ ಕೋಣೆಯ ನೆಲದಲ್ಲಿದ್ದ ಫೋನಿನ ಪಕ್ಕ, ಸೂಟು ತೊಟ್ಟ ಹೋಲ್ಗರ್. ಬಾಗಿಲು ತೆರೆದೇ ಇತ್ತು. ಒಂಬತ್ತು ದಾಟಿದರೂ ಫೋನ್ ಬರಲಿಲ್ಲ.

"ಅವ್ವಾ, ಒಳಗ ಹೋಗೇ ಬಿಡೂಣಲ್ಲ. ಅವರೇನು ಬ್ಯಾಡ ಅನ್ನೂದಿಲ್ಲ," ಎಂದರು ಪ್ರಕಾಶ್.

"ಮಂದಿ ಮನ್ಯಾಗ ಹಾಲು ಉಕ್ಕಿಸಿದ್ರ ಒಳ್ಳೇದು ಯಾರಿಗಾಕ್ಕತಿ? ಮಂದಿಗ. ಸುಮ್ನ ನಿಂದ್ರು."

ಅವರೇನೆಂದರು ಎಂದು ಹೋಲ್ಗರ್ ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು. "ಇಂಥವರು ನಮ್ಮ ಹಳೆಯ ಆಫೀಸಿನಲ್ಲಿ ಇರಬೇಕಿತ್ತು."

ಆಗ ಫೋನ್ ಬಂತು. ಹೋಲ್ಗರ್ ಕೇಳಿಸಿಕೊಂಡರು, ರಿಸೀವರ್ ಇಟ್ಟರು, ಟೈ ಸರಿಪಡಿಸಿಕೊಂಡು ನೇರ ಹೊರಗೆ ಬಂದರು. ಬೀಗದ ಕೈಯನ್ನು ಅವ್ವನ ಕೈಗೇ ಕೊಟ್ಟು ಮೆಟ್ಟಿಲಿಳಿದು ಹುಲ್ಲಿನ ಮೇಲೆ ನಿಂತರು. ಎಲ್ಲರೂ ಒಳಗೆ ಹೋದರೂ ಅವರು ಕದಲಲಿಲ್ಲ. ಈಗ ಅದು ಬೇರೆಯವರ ಮನೆ, ಕರೆಯದೆ ಹೋಗುವುದು ಹೇಗೆ ಎಂದರು.

ಬಲಗಾಲಿಟ್ಟು ಒಳಹೋಗಿದ್ದ ಅವ್ವ ಹಿಂತಿರುಗಿ ನೋಡಿದರು. "ಯಾಕ್ರೀ ಸಾಹೇಬ್ರ, ಅಲ್ಲೇ ನಿಂತ್ರಿ? ಬರ್ರಿ ಒಳಗ." ಕೈಸನ್ನೆ ಸಾಕಾಯಿತು.

ಅಡುಗೆಮನೆಯಲ್ಲಿ ಎಲ್ಲರೂ ಹಾಲಿನ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದೆವು. ಹಾಲು ಏರಿತು, ಅಂಚಿಗೆ ಬಂತು. ಇಷ್ಟು ಜನ ನೋಡುತ್ತಿದ್ದರೂ ಯಾರೂ ಕೈಹಾಕುತ್ತಿಲ್ಲವಲ್ಲ ಎಂದು ಹೋಲ್ಗರ್‌ಗೆ ಗಾಬರಿ. ಗುಂಪನ್ನು ಸೀಳಿಕೊಂಡು ಹೋಗಿ ಒಲೆ ಆರಿಸಿಬಿಟ್ಟರು. ಹಾಲು ಮೆಲ್ಲನೆ ಕೆಳಗಿಳಿಯಿತು. ಅವರ ಮುಖದಲ್ಲಿ ದೊಡ್ಡ ಅನಾಹುತ ತಪ್ಪಿಸಿದ ಸಂತೋಷ.

"ಅಯ್ಯ ಶಿವನ," ಎಂದರು ಅವ್ವ.

ಸವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗಡಿಯಾರದಲ್ಲಿ ಇನ್ನೂ ಕೆಲವು ನಿಮಿಷ ಉಳಿದಿದ್ದವು. ಪಕ್ಷ ವಹಿಸಬಾರದ ನಾನು ಮುಂದೆ ಹೋಗಿ ಹೇಳಿದೆ: "ಅದು ಉಕ್ಕಲೇಬೇಕು. ಇವರ ನೋಂದಣಿ ಆಗುವುದು ಇಲ್ಲಿ."

ಹೋಲ್ಗರ್ ಅವರ ಕಿವಿ ಕೆಂಪಾಯಿತು. ತಾವೇ ಒಲೆ ಹಚ್ಚಿ, ಬಗ್ಗಿ, ಪಾತ್ರೆಗೆ ಕಣ್ಣು ನೆಟ್ಟರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ. ಆಮೇಲೆ ತಡೆಯಲಾರದೆ ಜೇಬಿನ ಕರವಸ್ತ್ರ ತೆಗೆದು ಒಲೆ ಒರೆಸತೊಡಗಿದರು.

"ನನ್ನ ಮಗಾ ಒಂದಿನ ಒಲಿ ಒರಸಿಲ್ಲ. ಇವರನ್ನೂ ಇಲ್ಲೇ ಇಟ್ಕೋಬೇಕು ನೋಡು," ಎಂದರು ಅವ್ವ. ಆ ದಿನ ನಾನು ಕಚೇರಿಗೆ ಮರಳಿದ್ದು ಎರಡು ಸಲ ಗೋಧಿ ಹುಗ್ಗಿ ತಿಂದ ಮೇಲೆ.

ಮನೆ ಒಬ್ಬರದಾಗುವುದು ಕಾಗದದ ಮೇಲೆ ಎಂದು ಈ ಕೆಲಸಕ್ಕೆ ಸೇರಿದಾಗ ಕಲಿತಿದ್ದೆ. ಈಗಲೂ ಅದನ್ನೇ ನಂಬುತ್ತೇನೆ. ಆದರೆ ಅಂದಿನಿಂದ, ಕೊಳ್ಳುವವರು ಯಾವ ದೇಶದವರೇ ಆಗಲಿ, ಫೈಲು ತೆರೆಯುವ ಮೊದಲು ಒಂದು ಮಾತು ಕೇಳುತ್ತೇನೆ: ನೀವು ಯಾವ ದಿನ ಮನೆಗೆ ಕಾಲಿಡಬೇಕೆಂದಿದ್ದೀರಿ? ಹೋಲ್ಗರ್ ಈಗಲೂ ಮನೆ ಮಾರುತ್ತಾರೆ. ನೋಂದಣಿಗೆ ಮೊದಲು ಬೀಗದ ಕೈ ಕೊಡುವುದಿಲ್ಲ. ನಮ್ಮವರು ಕೊಂಡರೆ ಬೀಗದ ಕೈಯ ಜೊತೆಗೆ ಒಂದು ಗ್ಯಾಲನ್ ಹಾಲು ತರುತ್ತಾರೆ, ಮತ್ತು ಒಲೆಯಿಂದ ಆದಷ್ಟು ದೂರ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ.