ಬಲಗೈಯ ಜೋಮು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಡಬದ ಹತ್ತಿರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ತವರು ಸುಳ್ಯದ ಕಡೆ; ಉಳಿದುಕೊಂಡದ್ದು ಕಡಬದಲ್ಲಿ, ಅಕ್ಕನ ಮನೆಯಲ್ಲಿ. ಭಾವ ಮರದ ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದರು. ಮನೆಯಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ನಾನು, ಅಕ್ಕ ಮತ್ತು ಆಗಷ್ಟೇ ಮಾತು ಕಲಿಯುತ್ತಿದ್ದ ಅವಳ ಮಗಳು.

ಶುರುವಾದದ್ದು ತರಗತಿಯಲ್ಲಿ. ಕರಿಹಲಗೆಯ ಮೇಲ್ಭಾಗದಲ್ಲಿ ಲೆಕ್ಕ ಬರೆಯುವಾಗ ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು ಸೀಮೆಸುಣ್ಣ ಜಾರಿ ಬೀಳುತ್ತಿತ್ತು. ಕೈ ಇಳಿಸಿ ಕೊಡವಿದರೆ ಸರಿಯಾಗುತ್ತಿತ್ತು. ಬರಬರುತ್ತಾ ಕೊಡವಿದರೂ ಸರಿಯಾಗದಾಯಿತು. ಜಡೆ ಹಾಕಲು ಎತ್ತಿದ ಕೈ ಅರ್ಧದಲ್ಲೇ ಸೋಲುತ್ತಿತ್ತು. ಬಟ್ಟೆ ಒಣಹಾಕುವಾಗ ಬೆರಳುಗಳು ಬಿಳುಚಿ ತಣ್ಣಗಾಗುತ್ತಿದ್ದವು. ಒಂದು ಬೆಳಗ್ಗೆ ಒಲೆಯಿಂದ ಪಾತ್ರೆ ಇಳಿಸಿದಾಗ ಕಿರುಬೆರಳ ಬದಿ ಸುಟ್ಟು ಬೊಬ್ಬೆ ಎದ್ದದ್ದು ನನಗೆ ತಿಳಿಯಲೇ ಇಲ್ಲ. ಅದನ್ನು ಕಂಡದ್ದು ಅಕ್ಕ.

“ಎಂತದು ಇದು? ಉರಿಯುದಿಲ್ವಾ ನಿಂಗೆ?”

“ಇಲ್ಲ,” ಎಂದೆ.

ಅವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಸ್ಪರ್ಶ ಸತ್ತ ಬೆರಳೆಂದರೆ ಆಗ ಎಲ್ಲರ ಮನಸ್ಸಿಗೂ ಬರುತ್ತಿದ್ದದ್ದು ಕುಷ್ಠ. ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂದಿನಿಂದ ನನ್ನ ಬಟ್ಟಲು, ಲೋಟ ಬೇರೆಯಾದವು. ಮಗು “ಚಿಕ್ಕಮ್ಮ” ಎಂದು ನನ್ನತ್ತ ಓಡಿ ಬಂದರೆ ಅಕ್ಕ ಏನಾದರೊಂದು ನೆಪ ಮಾಡಿ ಕರೆದುಕೊಳ್ಳುತ್ತಿದ್ದಳು. ಬಾಗಿಲು ಹಾಕಿಕೊಂಡು, ಕನ್ನಡಿ ಹಿಡಿದು, ಮೈಮೇಲೆ ಎಲ್ಲಾದರೂ ಬಿಳಿ ಮಚ್ಚೆ ಇದೆಯೇ ಎಂದು ಹುಡುಕುತ್ತಿದ್ದೆ. ಒಂದೂ ಸಿಗುತ್ತಿರಲಿಲ್ಲ. ಹೆಬ್ಬೆರಳ ಬುಡದ ಮಾಂಸ ಮಾತ್ರ ಕುಗ್ಗಿ ಗುಳಿ ಬಿದ್ದಿತ್ತು.

ಸುದ್ದಿ ಶಾಲೆಗೂ ಮುಟ್ಟಿತು. ಹೆಡ್‌ಮಾಸ್ತರು ನನ್ನನ್ನು ಕರೆಸಿದರು.

“ಟೀಚರ್ರೆ, ಮಕ್ಕಳ ಮನೆಯವರು ಕೇಳ್ಲಿಕ್ಕೆ ಶುರು ಮಾಡಿದ್ದಾರೆ. ಒಮ್ಮೆ ಪುತ್ತೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸಿ ಬನ್ನಿ. ಅಲ್ಲಿವರೆಗೆ ರಜೆಯಲ್ಲಿರಿ.”

ಸ್ವರ ಮೆತ್ತಗಿತ್ತು. ಆದರೆ ನಾನು ಚಾಚಿದ ಹಾಜರಿ ಪುಸ್ತಕಕ್ಕೆ ಅವರು ಕೈ ನೀಡಲಿಲ್ಲ. ಮೇಜಿನ ಮೇಲಿಡಲು ಕಣ್ಣಿನಲ್ಲೇ ಸೂಚಿಸಿದರು.

ಪಕ್ಕದ ಬ್ಯಾರಿ ಮುಸ್ಲಿಮರ ಮನೆಯಲ್ಲಿ ಮಗುವನ್ನು ಬಿಟ್ಟು ಅಕ್ಕ ನನ್ನ ಜತೆ ಹೊರಟಳು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿದೆವು. ಎರಡೂ ಬಸ್ಸುಗಳಲ್ಲಿ ಅವಳು ತನ್ನ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡಿದ್ದಳು. ಪುತ್ತೂರು ಮುಟ್ಟುವವರೆಗೂ ನಾನು ಹೊರಗೆ ನೋಡುತ್ತಾ ಕುಳಿತೆ.

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದಲೂ ಸೂಜಿಯ ಮೊನೆಯಿಂದಲೂ ಬೆರಳುಗಳನ್ನು, ಮೊಣಕೈಯವರೆಗಿನ ಒಳಬದಿಯನ್ನು ಮುಟ್ಟಿ ಪರೀಕ್ಷಿಸಿದರು. ಮೊಣಕೈಯ ಹಿಂದಿನ ನರವನ್ನು ಒತ್ತಿ ನೋಡಿದರು. ಆಮೇಲೆ ಕೊರಳಿನ ಬುಡದಲ್ಲಿ, ಬಲಗಡೆಯ ಕೊರಳೆಲುಬಿನ ಮೇಲುಗಡೆ ಬೆರಳಿಟ್ಟು ಒತ್ತಿದರು. ಕಿರುಬೆರಳ ತುದಿಯವರೆಗೂ ಮಿಂಚು ಹರಿದಂತಾಗಿ ನಾನು ಬೆಚ್ಚಿಬಿದ್ದೆ.

“ಇಲ್ಲಿ ಎಂತದೋ ಗಟ್ಟಿ ಉಂಟು,” ಎಂದು ಅವರು ನನ್ನ ನಾಡಿ ಹಿಡಿದು ಕೈಯನ್ನು ಮೇಲೆತ್ತಿಸಿ, ಕತ್ತು ತಿರುಗಿಸಲು ಹೇಳಿದರು. ಆಮೇಲೆ ಅಕ್ಕನ ಕಡೆ ನೋಡಿದರು. “ಬನ್ನಿ, ನೀವೂ ಹಿಡಿದು ನೋಡಿ.”

ಅಕ್ಕ ಬೆಂಚಿನಿಂದ ಏಳಲಿಲ್ಲ. ಡಾಕ್ಟರು ಕಾದರು. ಕೊನೆಗೆ ಅವಳು ಎದ್ದು ಬಂದು, ಎತ್ತಿಯೇ ಇದ್ದ ನನ್ನ ಕೈಯ ಮಣಿಕಟ್ಟು ಹಿಡಿದಳು.

“ಈಗ ನಾಡಿ ಉಂಟಾ?”

“ಇಲ್ಲ ಡಾಕ್ಟ್ರೇ.”

ಅವರು ನನ್ನ ಕೈ ಇಳಿಸಿದರು. “ಈಗ?”

“ಬಂತು.”

“ನೀವು ಹೆದರಿದ ರೋಗದ್ದು ಒಂದು ಲಕ್ಷಣವೂ ನಂಗೆ ಕಾಣುದಿಲ್ಲ. ಮಚ್ಚೆ ಇಲ್ಲ, ನರ ದಪ್ಪ ಆಗಿಲ್ಲ. ಆದ್ರೆ ನಾಡಿ ಒಂದನ್ನೇ ನಂಬಿ ಹೇಳ್ಲಿಕ್ಕೆ ಆಗುದಿಲ್ಲ. ಮಂಗಳೂರಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ.”

ಮಂಗಳೂರಿನಿಂದ ತೆಗೆಸಿ ತಂದ ಆ ಚಿತ್ರದಲ್ಲಿ, ಬಲಗಡೆ ಕತ್ತಿನ ಎಲುಬಿನಿಂದ ಸಣ್ಣದೊಂದು ಪಕ್ಕೆಲುಬು ಹೊರಟಿತ್ತು. ಹುಟ್ಟಿನಿಂದಲೇ ಬಂದದ್ದು. ಕೈಗೆ ಹೋಗುವ ನರಗಳೂ ರಕ್ತನಾಳವೂ ಅದನ್ನು ದಾಟಿಯೇ ಇಳಿಯಬೇಕು. ಕೈ ಎತ್ತಿದಾಗ, ಭಾರ ಹೊತ್ತು ಭುಜ ಜೋತುಬಿದ್ದಾಗ ಅಲ್ಲಿ ಇಕ್ಕಟ್ಟಾಗುತ್ತದೆ ಎಂದು ಡಾಕ್ಟರು ಚಿತ್ರದ ಮೇಲೆ ಪೆನ್ಸಿಲ್ ಆಡಿಸಿ ತೋರಿಸಿದರು. ನೀರಿನ ಕೊಡ ಎತ್ತಬಾರದು, ಹೆಗಲಿಗೆ ಚೀಲ ಬೇಡ, ಕೈಯನ್ನು ತಲೆಯ ಕೆಳಗಿಟ್ಟು ಮಲಗಬಾರದು. ಬೆಳಗ್ಗೆ ಸಂಜೆ ಭುಜಗಳನ್ನು ಮೇಲೆತ್ತಿ ಹಿಂದಕ್ಕೆ ಎಳೆಯುವ ವ್ಯಾಯಾಮ ಮಾಡಬೇಕು. “ಕೈ ಇನ್ನೂ ಸೊರಗಿದ್ರೆ ಆಪರೇಶನ್ ಮಾಡಿ ಆ ಎಲುಬು ತೆಗೀಬೇಕಾಗ್ತದೆ. ಸುಲಭದ್ದಲ್ಲ. ನೋಡುವ.”

ಆ “ನೋಡುವ” ಎಂಬ ಮಾತಿನಲ್ಲೇ ಒಂದು ವರ್ಷ ಕಳೆಯಿತು. ಎದ್ದ ಕೂಡಲೇ ಎರಡೂ ಅಂಗೈ ಜೋಡಿಸಿ, ಗುಳಿ ದೊಡ್ಡದಾಗಿದೆಯೇ ಎಂದು ನೋಡುತ್ತಿದ್ದೆ. ಡಾಕ್ಟರ ಮಾತು ಕೇಳಿದ ಮೇಲೆ ಹೆಡ್‌ಮಾಸ್ತರು ನನ್ನನ್ನು ಮತ್ತೆ ಸೇರಿಸಿಕೊಂಡು ಕರಿಹಲಗೆಯನ್ನು ಕೆಳಗಿಳಿಸಿ ಮೊಳೆ ಹೊಡೆಸಿದರು. ಆದರೂ ಕೆಲವು ಮಕ್ಕಳು ಮೊದಲಿನಂತೆ ಹತ್ತಿರ ಬರಲಿಲ್ಲ. ಜೋಮು ಮೆಲ್ಲಮೆಲ್ಲನೆ ಕಡಿಮೆಯಾಯಿತು, ಬೆರಳಿಗೆ ಬಿಸಿ ತಿಳಿಯತೊಡಗಿತು. ಗುಳಿ ತುಂಬಲಿಲ್ಲ, ಹೆಚ್ಚಲೂ ಇಲ್ಲ. ಆಪರೇಶನ್ ಬೇಕಾಗಲಿಲ್ಲ.

ಆ ವರ್ಷವಿಡೀ ನನಗೆ ಜಡೆ ಹಾಕಿದವಳು ಅಕ್ಕ. ಒಂದು ದಿನ ಅವಳಿಗೆ ಬೆನ್ನು ಕೊಟ್ಟು ಕುಳಿತಿದ್ದಾಗ ಕೇಳಿಬಿಟ್ಟೆ. “ಅದೇ ರೋಗ ಆಗಿದ್ರೆ ನನ್ನನ್ನು ಪುತ್ತೂರಿಂದ ಈ ಮನೆಗೆ ಕರ್ಕೊಂಡು ಬರ್ತಿದ್ಯಾ?”

ಕೂದಲಲ್ಲಿ ಅವಳ ಕೈ ನಿಂತಿತು.

“ಗೊತ್ತಿಲ್ಲ ಮಾರಾಯ್ತಿ,” ಎಂದಳು. “ಮಗು ಉಂಟಲ್ಲ.”

ನನಗೆ ಸಿಟ್ಟು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಅವಳು ಜಡೆ ಮುಗಿಸಿದಳು, ನಾನು ಶಾಲೆಗೆ ಹೊರಟೆ.